ಜಿಂಜರ್ ಪದದೊಳಗಿನ ಬೇರು

ಹೋದ ವರ್ಷ ಜನವರಿಯಲ್ಲಿ ಊರಿಗೆ ಹೋಗಿದ್ದೆ. ನಮ್ಮದು ಸೊರಬದ ಕಡೆಯ ಹಳ್ಳಿ. ಅಪ್ಪ ಒಂದೂವರೆ ಎಕರೆ ಶುಂಠಿ ಹಾಕಿದ್ದರು. ಕೀಳುವ ಕೆಲಸ ಶುರುವಾಗಿತ್ತು. ಅಂಗಳದ ತುಂಬ ಹಸಿ ಮಣ್ಣಿನ ವಾಸನೆ, 60 ಕೆ.ಜಿ. ಚೀಲಗಳು ಗೋಡೆಗೆ ಒರಗಿ ನಿಂತಿದ್ದವು. ಊಟ ಆದಮೇಲೆ ಅಪ್ಪ ಜಗಲಿಯಲ್ಲಿ ಕೂತು ಕೊಳೆರೋಗದ ಬಗ್ಗೆ ಯಾರೋ ಹಂಚಿದ್ದ ಕರಪತ್ರ ಓದುತ್ತಿದ್ದರು. ಅದರ ತಲೆಯಲ್ಲಿ ಗಿಡದ ವೈಜ್ಞಾನಿಕ ಹೆಸರು ಕನ್ನಡ ಅಕ್ಷರದಲ್ಲೇ ಇತ್ತು: ಜಿಂಜಿಬೆರ್ ಅಫಿಸಿನೇಲ್. ಅಪ್ಪ ಅದನ್ನು ಎರಡು ಸಲ ಬಾಯಿಬಿಟ್ಟು ಓದಿದರು.

"ಪುಟ್ಟೀ, ಇದರಲ್ಲಿ ಬೇರು ಅಂತ ಇದೆಯಲ್ಲೇ. ಜಿಂಜಿ, ಬೇರ್."

"ಅದು ಲ್ಯಾಟಿನ್ ಅಪ್ಪ. ಅದರಲ್ಲಿ ನಮ್ಮ ಬೇರು ಎಲ್ಲಿಂದ ಬರುತ್ತೆ?" ಅಂದೆ.

ಅಪ್ಪ ಬಿಡಲಿಲ್ಲ. "ಹಂಗಲ್ಲ ಮಾರಾಯ್ತಿ, ನೀನೇ ಹೇಳಿ ನೋಡು." ಆಮೇಲೆ ತಾವೇ ಒಂದು ಅನುಮಾನವನ್ನೂ ಎತ್ತಿದರು. "ಆದರೆ ಶುಂಠಿ ಬೇರಲ್ಲ, ಗಡ್ಡೆ. ಬೇರು ಬೇರೆಯೇ ಇರ್ತದೆ." ಚೀಲದಿಂದ ಒಂದು ಗಡ್ಡೆ ತೆಗೆದು, ಅದರ ಹೊಟ್ಟೆಯಿಂದ ದಾರದ ಹಾಗೆ ಇಳಿಬಿದ್ದಿದ್ದ ಬೇರನ್ನು ಬೆರಳಲ್ಲಿ ಎಳೆದು ತೋರಿಸಿದರು.

ಬೆಂಗಳೂರಿಗೆ ಬಂದಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ. ನನ್ನದು ಲೆಕ್ಕಪತ್ರದ ಕೆಲಸ, ಭಾಷಾಶಾಸ್ತ್ರ ಓದಿದವಳಲ್ಲ. ಒಂದು ರಾತ್ರಿ ಸುಮ್ನೆ ಇಂಗ್ಲಿಷ್ ನಿಘಂಟಿನಲ್ಲಿ ಜಿಂಜರ್ ಪದ ತೆಗೆದೆ. ಅರ್ಥದ ಭಾಗ ನಾಲ್ಕು ಸಾಲು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಪದದ ವಂಶಾವಳಿ. ಇಂಗ್ಲಿಷ್, ಹಳೇ ಫ್ರೆಂಚ್, ಲ್ಯಾಟಿನ್, ಗ್ರೀಕ್, ಪಾಲಿ, ಸಂಸ್ಕೃತ, ಕೊನೆಗೆ ದ್ರಾವಿಡ. ಕೊನೆಯ ಪದದ ಮುಂದೆ ಅರ್ಥವನ್ನೂ ಕೊಟ್ಟಿದ್ದರು. ಇಂಚಿವೇರ್: ಇಂಚಿ ಅಂದರೆ ಶುಂಠಿ, ವೇರ್ ಅಂದರೆ ಬೇರು. ಅಪ್ಪ ಜಗಲಿಯಲ್ಲಿ ಕೂತು ಕಿವಿಯಿಂದ ಹಿಡಿದದ್ದು ಅಲ್ಲಿ ಅಚ್ಚಾಗಿತ್ತು! ಆ ಕ್ಷಣವೇ ಫೋನ್ ಮಾಡಬೇಕು ಅನ್ನಿಸಿತು, ಆದರೆ ರಾತ್ರಿ ಹನ್ನೊಂದಾಗಿತ್ತು.

ಬೆಳಿಗ್ಗೆ ಹೊತ್ತಿಗೆ ಇನ್ನೊಂದು ಯೋಚನೆ ಬಂತು. ನಿಘಂಟಿನವರು ಹೇಳಿದ್ದನ್ನು ಅಪ್ಪನಿಗೆ ಓದಿ ಹೇಳಿದರೆ "ಅದು ಹೇಗೆ ಗೊತ್ತು ಅವರಿಗೆ?" ಅಂತ ಕೇಳುತ್ತಾರೆ. ನನಗೆ ಉತ್ತರ ಇರುವುದಿಲ್ಲ. ಹಾಗಾಗಿ ಒಂದೊಂದು ಮೆಟ್ಟಿಲನ್ನೂ ನಾನೇ ಹತ್ತಿ ನೋಡಬೇಕು ಅಂತ ಕೂತೆ. ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆದೆ. ತುದಿಗೆ ಜಿಂಜರ್, ಬುಡಕ್ಕೆ ವೇರ್.

ಮೊದಲ ಕಷ್ಟ ಆ 'ವ'ದ್ದು. ವೇರ್ ಪದದಲ್ಲಿ ವ ಇದೆ, ಜಿಂಜರ್ ಅನ್ನುವಾಗ ಎಲ್ಲೂ ವ ಇಲ್ಲ. ಹುಡುಕಿದಾಗ ಸಿಕ್ಕಿತು. ಸಾವಿರ ವರ್ಷದ ಹಿಂದಿನ ಇಂಗ್ಲಿಷ್ ವೈದ್ಯದ ಪುಸ್ತಕಗಳಲ್ಲೇ ಶುಂಠಿ ಇದೆ. ಅಲ್ಲಿ ಅದರ ಹೆಸರು ಜಿಂಜಿಫೆರ್. ಆ ಕಾಲದ ಇಂಗ್ಲಿಷರು ಎರಡು ಸ್ವರಗಳ ನಡುವೆ ಬರುವ ಎಫ್ ಅಕ್ಷರವನ್ನು ವ ಅಂತ ಓದುತ್ತಿದ್ದರು. ಆಮೇಲೆ ಫ್ರಾನ್ಸಿನಿಂದ ನಾರ್ಮನ್ನರು ಬಂದು ಆಳಿದಾಗ ಅವರ ಪದವೂ ಇದಕ್ಕೆ ಬಂದು ಸೇರಿತು. ನಡುಗಾಲದ ಇಂಗ್ಲಿಷಿನಲ್ಲಿ ಜಿಂಜಿವೆರ್ ಅಂತ ವ ಎದ್ದು ಕಾಣುತ್ತದೆ. ಅಲ್ಲಿಂದ ಮುಂದೆ ಆಡುಮಾತಿನಲ್ಲಿ ಸವೆದು ಸವೆದು ನಡುವಿನ ವ ಬಿದ್ದುಹೋಯಿತು, ಜಿಂಜರ್ ಉಳಿಯಿತು. ನಾವು 'ಹೋಗುತ್ತೇನೆ' ಅನ್ನುವುದನ್ನು 'ಹೋಗ್ತೀನಿ' ಮಾಡಿಕೊಂಡ ಹಾಗೆ.

ಅದರ ಹಿಂದಿನ ಲ್ಯಾಟಿನ್ನಿನಲ್ಲಿ ಆ ಜಾಗದಲ್ಲಿ ಬ ಇದೆ. ಈಚಿನ ಲ್ಯಾಟಿನ್ನಿನಲ್ಲಿ ಜಿಂಜಿಬೆರ್, ಇನ್ನೂ ಹಳೆಯದರಲ್ಲಿ ಜ಼ಿಂಗಿಬೆರಿ. ಈ ಮೊದಲ ಅಕ್ಷರ ನಮ್ಮ ಜ ಅಲ್ಲ, ಜ಼ೀಬ್ರಾ ಅನ್ನುವಾಗಿನ ಜ಼. ಅದು ಗ್ರೀಕರ ಜ಼ಿಂಗಿಬೆರಿಸ್‌ನಿಂದ ಬಂದದ್ದು. ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್ ಒಂದನೇ ಶತಮಾನದಲ್ಲೇ ಶುಂಠಿಯ ಬಗ್ಗೆ ಬರೆದಿದ್ದಾನೆ. ಅದೇ ಶತಮಾನದ ರೋಮಿನ ಲೇಖಕ ಪ್ಲಿನಿ ಬೆಲೆಯನ್ನೂ ಬರೆದಿಟ್ಟಿದ್ದಾನೆ: ಒಂದು ಪೌಂಡ್ ಶುಂಠಿಗೆ 6 ದಿನಾರಿ (ರೋಮನ್ನರ ಬೆಳ್ಳಿ ನಾಣ್ಯ), ಕರಿಮೆಣಸಿಗೆ 4. ಅವರ ಪೌಂಡ್ ಅಂದರೆ ನಮ್ಮ ಲೆಕ್ಕದಲ್ಲಿ ಮುನ್ನೂರು ಗ್ರಾಮಿಗಿಂತ ಸ್ವಲ್ಪ ಜಾಸ್ತಿ. ಶುಂಠಿ ಮೆಣಸಿಗಿಂತ ದುಬಾರಿ! ಇದನ್ನು ಅಪ್ಪನಿಗೆ ಹೇಳಲೇಬೇಕು ಅಂತ ಗುರುತು ಹಾಕಿಟ್ಟುಕೊಂಡೆ.

ಪ್ಲಿನಿ ಬರೆದ ಇನ್ನೊಂದು ವಿಷಯ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿತು. ಶುಂಠಿ ಅಂದರೆ ಮೆಣಸಿನ ಗಿಡದ ಬೇರು ಅಂತ ಆಗ ಕೆಲವರು ನಂಬಿದ್ದರಂತೆ. ಅದು ಹಾಗಲ್ಲ ಅಂತ ಅವನು ತಿದ್ದುತ್ತಾನೆ. ತಿದ್ದಿದವನೇ, ಶುಂಠಿ ಬೆಳೆಯುವುದು ಅರೇಬಿಯಾದಲ್ಲಿ ಮತ್ತು ಕೆಂಪು ಸಮುದ್ರದ ಆಚೆ ದಡದಲ್ಲಿ ಅಂತ ಬರೆಯುತ್ತಾನೆ. ಮಾಲು ಅವನ ಕೈಗೆ ಸಿಗುತ್ತಿದ್ದದ್ದು ಆ ಕಡೆಯ ವ್ಯಾಪಾರಿಗಳಿಂದ. ಹಾಗಾಗಿ ಬೆಳೆಯುವುದೂ ಅಲ್ಲೇ ಅಂದುಕೊಂಡ. ಆದರೆ ಅವನು ಬಾಯಲ್ಲಿ ಹೇಳುತ್ತಿದ್ದ ಪದ ಅರೇಬಿಯಾದ್ದಲ್ಲ. ಅವನಿಗೆ ಗೊತ್ತಿಲ್ಲದ ದಾರಿ ಆ ಪದಕ್ಕೆ ಗೊತ್ತಿತ್ತು.

ಇಲ್ಲಿ ನಾನೊಂದು ತಪ್ಪು ಮಾಡಿದೆ, ಅದನ್ನೂ ಹೇಳುತ್ತೇನೆ. ಬೇರೆ ಭಾಷೆಗಳಲ್ಲಿ ಶುಂಠಿಗೆ ಏನನ್ನುತ್ತಾರೆ ಅಂತ ಪಟ್ಟಿ ಮಾಡುತ್ತಿದ್ದೆ. ಜರ್ಮನ್ನರ ಪದ ಬಂತು: ಇಂಗ್‌ವರ್. ಸ್ವೀಡನ್ನಿನವರದ್ದು ಇಂಗೆಫೇರ. ಫಿನ್‌ಲೆಂಡಿನವರದ್ದು ಇಂಕಿವೇರಿ. ಇಂಕಿ, ವೇರಿ! ಇಂಚಿ ವೇರ್ ಅನ್ನುವುದನ್ನು ಹೆಚ್ಚುಕಮ್ಮಿ ಹಾಗೇ ಹೇಳಿದಂತಿದೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮಲಬಾರಿನ ಪದ ಗ್ರೀಕರನ್ನೂ ರೋಮನ್ನರನ್ನೂ ಮುಟ್ಟದೆ ಉತ್ತರ ಯುರೋಪಿಗೆ ಸೀದಾ ಹೋಗಿದೆ ಅಂತಲೇ ತೀರ್ಮಾನಿಸಿ, ಮನೆಯವರ ವಾಟ್ಸಾಪ್ ಗುಂಪಿಗೆ ಉದ್ದಕ್ಕೆ ಬರೆದು ಹಾಕಿದೆ. ಎರಡು ದಿನ ಆದಮೇಲೆ ಜರ್ಮನ್ ಪದದ ಹಳೆಯ ರೂಪ ನೋಡಿದೆ. ಸಾವಿರ ವರ್ಷದ ಹಿಂದೆ ಅವರದ್ದೂ ಗಿಂಗಿಬೆರೊ ಅಂತಲೇ ಇತ್ತು. ಲ್ಯಾಟಿನ್ನಿನಿಂದ ಬಂದದ್ದೇ. ಮುಂದೆ ಮೊದಲ ಗ ಉದುರಿ, ಬ ಹೋಗಿ ವ ಬಂದು, ನಮ್ಮ ಪದದ ಹಾಗೆ ಕಾಣಿಸತೊಡಗಿದೆ ಅಷ್ಟೆ. ಗುಂಪಿನಲ್ಲಿ "ನಾನು ಮೊನ್ನೆ ಬರೆದದ್ದು ತಪ್ಪು" ಅಂತ ಹಾಕಿದೆ. ಆವತ್ತಿಂದ ಎರಡು ಪದ ಒಂದೇ ಥರ ಕೇಳಿದರೆ ಮೊದಲು ಅವುಗಳ ಹಳೇ ರೂಪ ನೋಡುತ್ತೇನೆ. ಈಗಿನ ರೂಪವನ್ನು ನಂಬುವುದಿಲ್ಲ.

ಅದೇ ಕಾರಣಕ್ಕೆ ಅಪ್ಪನ ಬೇರನ್ನೂ ಮತ್ತೆ ಪರೀಕ್ಷೆ ಮಾಡಬೇಕಾಯಿತು. ಜಿಂಜಿಬೆರ್ ಅನ್ನುವಾಗ ನಮ್ಮ ಕಿವಿಗೆ ಬೇರು ಅಂತ ಕೇಳಿಸುವುದು ಆ ಬ ದಿಂದ. ತಮಿಳು, ಮಲಯಾಳದಲ್ಲಿ ಅದು ವೇರ್, ತೆಲುಗಿನಲ್ಲಿ ವೇರು. ಕನ್ನಡ, ತುಳುವಿನಲ್ಲಿ ಬೇರು. ಕನ್ನಡದಲ್ಲಿ ಪದದ ಶುರುವಿನ ವ ಬ ಆಗಿದೆ. ತಮಿಳಿನವರ ವಾಯ್ ನಮಗೆ ಬಾಯಿ, ವೆಳ್ಳಿ ನಮಗೆ ಬೆಳ್ಳಿ, ವಿಲ್ ಬಿಲ್ಲು, ವಾಳೈ ಬಾಳೆ. ಹಾಗಾದರೆ ಗ್ರೀಕರ ಆ ಬ ಕನ್ನಡದಿಂದ ಹೋಯಿತಾ? ಹೋಗಿದೆ ಅಂತ ಹೇಳಲು ನನಗೆ ತುಂಬ ಆಸೆ ಇತ್ತು. ಆದರೆ ಇಲ್ಲ. ಗ್ರೀಕರ ಕೈಗೆ ಬಂದ ಪದದಲ್ಲಿ ವ ಇತ್ತು, ಅವರ ಆ ಕಾಲದ ಬರಹದಲ್ಲಿ ವ ಸದ್ದಿಗೆ ಬೇರೆ ಅಕ್ಷರ ಇರಲಿಲ್ಲ, ತಮ್ಮ ಬ ಅಕ್ಷರವಾದ ಬೀಟಾ ಬಳಸಿದರು. ಕನ್ನಡದ ಬ ಬೇರೆ ಕಥೆ. ಅಂದರೆ ಈ ಪದ ನಮ್ಮ ನಾಡಿನಿಂದ ವ ಇಟ್ಟುಕೊಂಡು ಹೊರಟು, ಗ್ರೀಸಿನಲ್ಲಿ ಬ ಆಗಿ, ಯುರೋಪಿನಲ್ಲಿ ಮತ್ತೆ ವ ಆಗಿ, ಇಂಗ್ಲೆಂಡಿನಲ್ಲಿ ಅದನ್ನೂ ಕಳೆದುಕೊಂಡಿತು. ಕ್ಯಾಲೆಂಡರ್ ಹಾಳೆಯಲ್ಲಿ ಆ ಒಂದೇ ಅಕ್ಷರದ ದಾರಿಯನ್ನು ಕೆಂಪು ಪೆನ್ನಿನಲ್ಲಿ ಬರೆದೆ. ಇಡೀ ಹುಡುಕಾಟದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಆ ಕೆಂಪು ಗೆರೆ.

ಗ್ರೀಕರಿಗೆ ಕೊಟ್ಟವರು ಯಾರು? ನಮ್ಮ ದೇಶದ ಆಡುಭಾಷೆಗಳು, ಪ್ರಾಕೃತ. ಪಾಲಿಯಲ್ಲಿ ಅದು ಸಿಂಗಿವೇರ. ಬೌದ್ಧ ಭಿಕ್ಷುಗಳ ನಿಯಮದ ಗ್ರಂಥದಲ್ಲಿ, ಕಾಯಿಲೆ ಬಿದ್ದ ಭಿಕ್ಷುಗಳು ಯಾವ ಬೇರಿನ ಔಷಧ ತೆಗೆದುಕೊಳ್ಳಬಹುದು ಅಂತ ಒಂದು ಪಟ್ಟಿ ಬರುತ್ತದೆ. ಅರಿಶಿನ, ಶುಂಠಿ, ಬಜೆ, ಅತಿವಿಷ, ಕಟುಕರೋಹಿಣಿ, ಲಾವಂಚ, ಭದ್ರಮುಷ್ಟಿ. ನಮ್ಮಜ್ಜಿ ಬಾಣಂತಿ ಮದ್ದಿಗೆ ಅಂತ ತಗಡಿನ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದ ಸಾಮಾನು ನೆನಪಾಯಿತು. ಅಪ್ಪನ ಅನುಮಾನಕ್ಕೂ ಅಲ್ಲೇ ಉತ್ತರ ಇತ್ತು. ಅರಿಶಿನ, ಶುಂಠಿ, ಬಜೆ ಮೂರೂ ರೈತರಿಗೆ ಗಡ್ಡೆ. ಆದರೆ ಔಷಧ ಕೊಡುವವರು, ಮಾರುವವರು ನೆಲದೊಳಗಿಂದ ಬಂದದ್ದನ್ನೆಲ್ಲ ಬೇರು ಅಂತಲೇ ಕರೆದರು. ಗಿಡದ ಹೆಸರಿನಲ್ಲಿ ಉಳಿದದ್ದು ಅಂಗಡಿಯವರ ಮಾತು, ಗದ್ದೆಯವರ ಮಾತಲ್ಲ.

ಸಂಸ್ಕೃತದಲ್ಲಿ ಇದೇ ಪದ ಶೃಂಗವೇರ. ಓದಿದ ಕೂಡಲೇ ರಾಮಾಯಣದ ಗುಹನ ಊರು ನೆನಪಾಯಿತು, ಶೃಂಗವೇರಪುರ, ರಾಮ ಗಂಗೆ ದಾಟಿದ ಜಾಗ. ಶೃಂಗ ಅಂದರೆ ಕೊಂಬು, ವೇರ ಅಂದರೆ ದೇಹ, ಕೊಂಬಿನಂಥ ಮೈ ಇರುವುದು ಶುಂಠಿ ಅಂತ ಹಳೇ ವಿವರಣೆ. ಅಡುಗೆಮನೆಗೆ ಹೋಗಿ ಒಂದು ತುಂಡು ಶುಂಠಿ ತಂದು ಮೇಜಿನ ಮೇಲೆ ಇಟ್ಟು ನೋಡಿದೆ. ಕವಲು ಕವಲಾಗಿ ಹೊರಟ ಗೆಣ್ಣುಗಳು, ತುದಿಯಲ್ಲಿ ಮೊಂಡು. ಕಡವೆಯ ಕೊಂಬಿನ ಹಾಗೇ ಇದೆ! ಇಷ್ಟು ಚೆಂದ ಹೊಂದುವಾಗ ಇದೇ ಮೂಲ ಅಂತ ಯಾಕೆ ಒಪ್ಪಬಾರದು? ಇಲ್ಲಿ ನಾನು ಎರಡು ವಾರ ನಿಂತುಬಿಟ್ಟೆ.

ಒಪ್ಪದಿರಲು ಇರುವ ಕಾರಣ ವೇರ. ದೇಹ ಅನ್ನುವ ಅರ್ಥದಲ್ಲಿ ಈ ಪದವನ್ನು ಕೋಶಗಳು ಕೊಡುತ್ತವೆ, ಆದರೆ ಮಾತಿನಲ್ಲಿ, ಕಾವ್ಯದಲ್ಲಿ ಓಡಾಡುವ ಪದ ಅದಲ್ಲ. ದೇಹಕ್ಕೆ ಸಂಸ್ಕೃತದಲ್ಲಿ ಪದಗಳಿಗೆ ಬರವೇ? ಅದೇ ದಕ್ಷಿಣಕ್ಕೆ ಬಂದರೆ ಇಂಚಿ ಇವತ್ತಿಗೂ ಶುಂಠಿ, ವೇರ್ ಇವತ್ತಿಗೂ ಬೇರು, ಎರಡೂ ಜೀವಂತ ಪದಗಳು. ಸಂಸ್ಕೃತದವರು ಹೊರಗಿನಿಂದ ಬಂದ ಅರ್ಥವಾಗದ ಪದವನ್ನು ತಮ್ಮ ಭಾಷೆಯ ಪರಿಚಿತ ಪದದ ಅಚ್ಚಿಗೆ ಹಾಕಿಕೊಂಡರು. ಕೊಂಬಿನ ಹಾಗೆ ಕಾಣುವುದು ಆ ಅಚ್ಚಿಗೆ ಅನುಕೂಲವಾಯಿತು.

ಇದು ಎಲ್ಲ ಕಡೆಯೂ ಆಗುತ್ತದೆ ಅನ್ನುವುದಕ್ಕೆ ಸಾಕ್ಷಿ ಇದೇ ಪದದ ಇನ್ನೊಂದು ತುದಿಯಲ್ಲಿ ಸಿಕ್ಕಿತು. ಇಂಗ್ಲಿಷಿನ ಜಿಂಜರ್‌ಬ್ರೆಡ್. ಅದರಲ್ಲಿ ಮೊದಲು ಬ್ರೆಡ್ ಇರಲೇ ಇಲ್ಲ. ಹಳೇ ಫ್ರೆಂಚಿನಲ್ಲಿ ಜಿಂಜಂಬ್ರಾಸ್ ಅಂದರೆ ಪಾಕದಲ್ಲಿಟ್ಟ ಶುಂಠಿ. ಕೊನೆಯ ಬ್ರಾಸ್ ಏನೆಂದು ಇಂಗ್ಲಿಷರಿಗೆ ತಿಳಿಯಲಿಲ್ಲ, ತಮಗೆ ಗೊತ್ತಿದ್ದ ಬ್ರೆಡ್ ಮಾಡಿಕೊಂಡರು. ಆಮೇಲೆ ಹೆಸರಿಗೆ ತಕ್ಕ ಹಾಗೆ ತಿಂಡಿಯೂ ಬಂತು. ಅವರು ಬ್ರೆಡ್ ಕಂಡ ಹಾಗೇ ಸಂಸ್ಕೃತದವರು ಕೊಂಬು ಕಂಡರು. ಮೆಲ್ಲಗೆ, ಹುಷಾರಾಗಿ ಅನ್ನುವ ಅರ್ಥದ ಜಿಂಜರ್ಲಿ ಪದಕ್ಕೂ ಶುಂಠಿಗೂ ಸಂಬಂಧವೇ ಇಲ್ಲ. ಅದು ನಾಜೂಕು ಅನ್ನುವ ಅರ್ಥದ ಬೇರೆ ಫ್ರೆಂಚ್ ಪದದಿಂದ ಬಂದದ್ದು ಅನ್ನುತ್ತಾರೆ.

ಇನ್ನು ಉಳಿದದ್ದು ಒಂದೇ ಸಡಿಲ ಕೀಲು. ಪಾಲಿಯಲ್ಲಿ ಸಿಂಗಿ, ತಮಿಳಿನಲ್ಲಿ ಇಂಚಿ. ಮೊದಲ ಸ ಎಲ್ಲಿಂದ ಬಂತು? ನನಗೆ ಇದು ಬಗೆಹರಿದದ್ದು ಹಾಬ್ಸನ್ ಜಾಬ್ಸನ್ ಅನ್ನುವ ಹಳೇ ಆಂಗ್ಲೋ ಇಂಡಿಯನ್ ನಿಘಂಟಿನಲ್ಲಿ. ಯೂಲ್ ಮತ್ತು ಬರ್ನೆಲ್ 1886ರಲ್ಲಿ ತಂದದ್ದು, ಶಿಕಾಗೋ ವಿಶ್ವವಿದ್ಯಾಲಯದವರು ಅಂತರ್ಜಾಲದಲ್ಲಿ ಇಟ್ಟಿದ್ದಾರೆ, ಯಾರು ಬೇಕಾದರೂ ನೋಡಬಹುದು. ಕೊಂಬಿನ ಕಥೆ ಕಲ್ಪನೆ ಅಂತ ಅವರು ಆಗಲೇ ಬರೆದಿದ್ದಾರೆ. ಇಂಚಿ ಹಿಂದೆ ಸಿಂಚಿಯೋ ಚಿಂಚಿಯೋ ಆಗಿದ್ದಿರಬೇಕು ಅನ್ನುತ್ತಾರೆ. ಅದಕ್ಕೆ ಸಾಕ್ಷಿ ಏನು ಕೊಡುತ್ತಾರೆ ಗೊತ್ತಾ? ಕನ್ನಡದ ಶುಂಠಿ!

ಓದಿ ರೋಮಾಂಚನ ಆಯಿತು. ಆದರೆ ಈ ಸಲ ಗುಂಪಿಗೆ ಹಾಕಲಿಲ್ಲ, ಕಾದೆ. ಒಳ್ಳೆಯದಾಯಿತು. ಶುಂಠಿಯಲ್ಲಿ ಶ ಇದೆ, ಠ ಇದೆ. ಅಚ್ಚಗನ್ನಡ ಪದಗಳಲ್ಲಿ ಇವೆರಡೂ ಸಾಮಾನ್ಯವಾಗಿ ಬರುವುದಿಲ್ಲ. ಅದು ಸಂಸ್ಕೃತದಿಂದ ನಾವು ತಂದುಕೊಂಡ ಪದ, ಅಲ್ಲಿ ಅದಕ್ಕೆ ಒಣಗಿದ ಶುಂಠಿ ಅಂತಲೇ ಅರ್ಥ. ಹಸಿಯದಕ್ಕೆ ಆರ್ದ್ರಕ, ಅಂದರೆ ಒದ್ದೆಯದು, ಅದರಿಂದಲೇ ಹಿಂದಿಯ ಅದ್ರಕ್. ಒಣಗಿದ್ದಕ್ಕೆ ಹೇಳುವ ಪದವನ್ನೇ ನಾವು ಎಲ್ಲಕ್ಕೂ ಹಾಕಿಕೊಂಡು, ಗದ್ದೆಯಿಂದ ಕಿತ್ತದ್ದಕ್ಕೆ 'ಹಸಿಶುಂಠಿ' ಅಂದೆವು. ಉತ್ತರ ಕರ್ನಾಟಕದವರು ಮಾತ್ರ ಹಸಿಯದಕ್ಕೆ ಬೇರೆ ಪದ ಉಳಿಸಿಕೊಂಡಿದ್ದಾರೆ: 'ಅಲ್ಲ'. ತೆಲುಗಿನವರ ಅಲ್ಲಂ ಕೂಡ ಅದೇ. ನಾನು ಧಾರವಾಡದಲ್ಲಿ ಮೊದಲ ಸಲ ಸಂತೆಗೆ ಹೋದಾಗ ಒಬ್ಬ ಅಜ್ಜಿ "ಅಲ್ಲ ತಗೋರಿ ಅಕ್ಕಾರ" ಅಂದಾಗ ಏನು ಅಲ್ಲ ಅಂತ ನಿಂತು ನೋಡಿದ್ದೆ.

ಹಾಗಿದ್ದರೂ ಯೂಲ್, ಬರ್ನೆಲ್ ಊಹೆ ಪೂರ್ತಿ ಬಿದ್ದುಹೋಗಲಿಲ್ಲ. ಸಾಕ್ಷಿ ಬೇರೆ ಕಡೆ ಇತ್ತು. ಬರೋ ಮತ್ತು ಎಮೆನೋ ಅನ್ನುವ ಇಬ್ಬರು ವಿದ್ವಾಂಸರ ದ್ರಾವಿಡ ಪದಮೂಲ ಕೋಶ 1961ರಲ್ಲಿ ಬಂತು, 1984ರಲ್ಲಿ ತಿದ್ದಿದ ಮುದ್ರಣ. ಅದರಲ್ಲಿ ಕನ್ನಡ, ತಮಿಳಿನ ಪದಗಳ ಪಕ್ಕದಲ್ಲೇ ಮಧ್ಯ, ಪೂರ್ವ ಭಾರತದ ಗೋಂಡಿ, ಕುಯಿಯಂಥ ದ್ರಾವಿಡ ಭಾಷೆಗಳ ಪದಗಳೂ ಸಿಗುತ್ತವೆ. ನಮ್ಮ ಎಣಿಕೆಯ 'ಆರು' ಗೋಂಡಿಯಲ್ಲಿ ಸಾರುಂಗ್. ನಮ್ಮ 'ಉಪ್ಪು' ಅಲ್ಲಿ ಸೊವರ್. ಕೊಡು ಅನ್ನುವುದಕ್ಕೆ ಹಳಗನ್ನಡದ 'ಈ', ಅವರಲ್ಲಿ ಸೀ. ಈ ಪದಗಳ ತಲೆಯಲ್ಲಿ ಬಹಳ ಹಿಂದೆ ಒಂದು ಚ ಇತ್ತು, ದಕ್ಷಿಣದ ಭಾಷೆಗಳಲ್ಲಿ ಅದು ಉದುರಿಹೋಯಿತು ಅನ್ನುತ್ತಾರೆ. ಇಂಚಿಯ ತಲೆಯಿಂದಲೂ ಅದೇ ಅಕ್ಷರ ಉದುರಿದ್ದರೆ, ಉದುರುವ ಮೊದಲೇ ಉತ್ತರಕ್ಕೆ ಹೋದ ಪದದಲ್ಲಿ ಅದು ಸ ಆಗಿ ಉಳಿದಿರುತ್ತದೆ. ಸಿಂಗಿವೇರ. ಕೀಲು ಕೂತಿತು.

ಉಪ್ಪಿನ ತಲೆಯಲ್ಲಿ ಒಂದು ಅಕ್ಷರ ಇತ್ತು, ಅದನ್ನು ನಾವು ಕಳೆದುಕೊಂಡಿದ್ದೇವೆ, ಗೋಂಡರು ಇಟ್ಟುಕೊಂಡಿದ್ದಾರೆ. ಆವತ್ತು ಸಾರಿಗೆ ಉಪ್ಪು ಹಾಕುವಾಗ ಇದೇ ಯೋಚನೆ.

ಪೂರ್ವಕ್ಕೆ, ಪಶ್ಚಿಮಕ್ಕೆ ಹೋದ ಕವಲುಗಳು ಇನ್ನೂ ಇವೆ. ಅರಬ್ಬಿಯ ಜ಼ಂಜಬೀಲ್ ಅದೇ ಪದ, ಕುರಾನಿನ 76ನೇ ಅಧ್ಯಾಯದಲ್ಲಿ ಸ್ವರ್ಗದ ಪಾನೀಯದ ಮಾತು ಬರುವಾಗ ಅದಿದೆ. ಅಲನ್ ರಾಸ್ ಅನ್ನುವ ಇಂಗ್ಲಿಷ್ ವಿದ್ವಾಂಸರು 1952ರಲ್ಲಿ ಬರೀ ಈ ಒಂದು ಪದದ ಮೇಲೆ ಒಂದು ಪುಸ್ತಕವನ್ನೇ ಪ್ರಕಟಿಸಿದ್ದಾರೆ. ನಾನು ಏಳೆಂಟು ತಿಂಗಳು ಸಂಜೆ ಹೊತ್ತು ಕೂತು ಮಾಡಿದ್ದು ಅದರ ಒಂದು ಎಳೆ ಅಷ್ಟೆ.

ಆಗಸ್ಟಿನಲ್ಲಿ ಎಲ್ಲವನ್ನೂ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಪ್ಲಿನಿಯ ಬೆಲೆ ಕೇಳಿ "ಈಗಲೂ ಹಂಗೇ ಇದ್ದಿದ್ದರೆ" ಅಂದರು. ಗಡ್ಡೆಯನ್ನು ಬೇರು ಅಂತ ಕರೆದವರು ಅಂಗಡಿಯವರು ಅಂದದ್ದಕ್ಕೆ "ಹೌದು ಮತ್ತೆ" ಅಂದರು. ಇಂಚಿಯ ವಿಷಯಕ್ಕೆ ಮಾತ್ರ ಏನೂ ಹೇಳಲಿಲ್ಲ.

ಮಾರನೇ ದಿನ ಸಂಜೆ ಅವರೇ ಫೋನ್ ಮಾಡಿದರು. ನಮ್ಮ ಪಕ್ಕದ ಜಮೀನನ್ನು ಕೇರಳದವರೊಬ್ಬರು ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದ್ದಾರೆ. ಅಪ್ಪ ಮಳೆಯಲ್ಲೇ ಬೇಲಿ ದಾಟಿ ಹೋಗಿ, ಅವರ ಮಡಿಯಿಂದಲೇ ಒಂದು ಗಿಡ ಕೀಳಿಸಿ, ಗಡ್ಡೆ ಮುಟ್ಟಿ ಕೇಳಿದರಂತೆ, ಇದಕ್ಕೆಂತ ಹೇಳ್ತೀರಿ ಅಂತ.

"ಇಂಜಿ ಅಂದ ಕಣೇ. ಆಮೇಲೆ ಕೆಳಗಿನ ದಾರದಂಥದ್ದು ಮುಟ್ಟಿ, ಇದಕ್ಕೆ ಅಂತ ಕೇಳಿದೆ."

"ಏನಂದ್ರು?"

"ವೇರ್ ಅಂದ," ಅಂದರು ಅಪ್ಪ. "ಅದನ್ನೂ ಬರ್ಕೋ."